ಎದುರಾಳಿಯ ಮಾತೆಂಬ ನ್ಯಾಸ

ಸ್ವಮತದ ಸಮರ್ಥನೆಗೆ ಲೇಖನಿ ಹಿಡಿದವನ ಸತ್ಯವ್ರತವು ಎದುರಾಳಿಯ ಮತವನ್ನು ನಿರೂಪಿಸುವ ಪುಟದಲ್ಲಿ ಪರೀಕ್ಷೆಗೊಳಗಾಗುತ್ತದೆ. ಈ ದೃಷ್ಟಿಯಿಂದ ಕ್ರೈಸ್ತ ಪರಂಪರೆಯ ಒಂದು ಪ್ರಾಚೀನ ಗ್ರಂಥವನ್ನು ಪರಿಶೀಲಿಸುವುದು ನಮ್ಮ ಶ್ರಾವಕ ಬಂಧುಗಳಿಗೂ ಬಸದಿಗಳ ಆಡಳಿತ ಮಂಡಳಿಗಳಿಗೂ ಪ್ರಯೋಜನಕರವೆಂದು ಭಾವಿಸುತ್ತೇನೆ. ಅದು ಓರಿಜನ್ ಎಂಬ ಪಂಡಿತನು ಕ್ರಿ.ಶ. 248ರ ಸುಮಾರಿಗೆ ಗ್ರೀಕ್ ಭಾಷೆಯಲ್ಲಿ ಎಂಟು ಭಾಗಗಳಾಗಿ ರಚಿಸಿದ ಸೆಲ್ಸಸ್-ಖಂಡನ ಗ್ರಂಥ. ಹೆನ್ರಿ ಚಾಡ್ವಿಕ್ ಅವರ ಇಂಗ್ಲಿಷ್ ಅನುವಾದವು 1953ರಲ್ಲಿ ಪ್ರಕಟವಾಯಿತು.

ಸೆಲ್ಸಸ್ ಎರಡನೆಯ ಶತಮಾನದ ತತ್ತ್ವಜ್ಞಾನಿ. ಕ್ರೈಸ್ತರು ಉಣ್ಣೆ ಕೆಲಸದವರನ್ನೂ ಚಮ್ಮಾರರನ್ನೂ ಅಗಸರನ್ನೂ ಮುಂದಿಟ್ಟುಕೊಂಡು ಮಕ್ಕಳನ್ನೂ ಸ್ತ್ರೀಯರನ್ನೂ ಮರುಳುಗೊಳಿಸುತ್ತಾರೆಂದು ಅವನು ಹೀಯಾಳಿಸಿದ್ದನು. ಯೇಸುವಿನ ತಾಯಿಯ ಶೀಲದ ಮೇಲೂ ಅಪವಾದ ಹೊರಿಸಿದ್ದನು. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಆಂಬ್ರೋಸಿಯಸ್ ಎಂಬ ಮಿತ್ರನು ಆ ಪುಸ್ತಕವನ್ನು ಓರಿಜನ್‌ನಿಗೆ ಕಳುಹಿಸಿ ಉತ್ತರ ಬರೆಯಲು ಪ್ರಾರ್ಥಿಸಿದನು. ಓರಿಜನ್ ಮೊದಲು ಹಿಂಜರಿದನು. ಸುಳ್ಳುಸಾಕ್ಷಿಗಳೆದುರು ಯೇಸು ಮೌನವಾಗಿದ್ದನೆಂದೂ, ಅವನ ಬಾಳೇ ಉತ್ತರವಾಗಿತ್ತೆಂದೂ ಪೀಠಿಕೆಯಲ್ಲಿ ಸ್ಮರಿಸಿ, ಶ್ರದ್ಧೆಯಲ್ಲಿ ದುರ್ಬಲರಾದವರಿಗಾಗಿ ಮಾತ್ರ ಈ ಕಾರ್ಯಕ್ಕೆ ಕೈಹಾಕುವುದಾಗಿ ಹೇಳಿಕೊಂಡಿದ್ದಾನೆ.

ಗ್ರಂಥದ ನಿಜವಾದ ಹಿರಿಮೆ ಅದರ ಕ್ರಮದಲ್ಲಿದೆ. ಆಕ್ಷೇಪಗಳ ಮುಖ್ಯಾಂಶಗಳಿಗೆ ಮೊದಲು ಸಂಕ್ಷಿಪ್ತ ಉತ್ತರ ಗುರುತಿಸಿಕೊಳ್ಳುವ ಯೋಜನೆಯನ್ನು ಓರಿಜನ್ ನಡುವೆ ಕೈಬಿಟ್ಟು, ಸೆಲ್ಸಸ್‌ನ ಮಾತುಗಳನ್ನೇ ಅನುಕ್ರಮವಾಗಿ ಉದ್ಧರಿಸಿ ಒಂದೊಂದಕ್ಕೂ ಸಮಾಧಾನ ಹೇಳತೊಡಗಿದನು. ತನ್ನ ಆರಾಧ್ಯನ ತಾಯಿಯ ಮೇಲಿನ ಅಪವಾದವನ್ನೂ ಮರೆಮಾಚಲಿಲ್ಲ. ಸೆಲ್ಸಸ್‌ನ ಮೂಲಕೃತಿ ಇಂದು ಪ್ರತ್ಯೇಕವಾಗಿ ಉಳಿದಿಲ್ಲ. ವಿದ್ವಾಂಸರು ಅದರ ಬಹುಭಾಗವನ್ನು ಸಂಗ್ರಹಿಸಿರುವುದು ಓರಿಜನ್‌ನ ಪುಟಗಳಿಂದಲೇ. ಖಂಡಿಸಲು ಹೊರಟವನೇ ಖಂಡಿತನ ರಕ್ಷಕನಾದನು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಠೇವಣಿ ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಹೌದೆಂದು ಅಷ್ಟನ್ನೇ ಹಿಂದಿರುಗಿಸುವುದು ನ್ಯಾಸಾಪಹಾರವೆಂದು ಪೂಜ್ಯಪಾದರು ವಿವರಿಸಿದ್ದಾರೆ. ಎದುರಾಳಿಯ ಮಾತೂ ನಮ್ಮ ಕೈಗೆ ಬಂದ ನ್ಯಾಸವೇ. ಸೆಲ್ಸಸ್ ಲೆಕ್ಕ ಕೇಳಲು ಬರುವ ಸ್ಥಿತಿಯಲ್ಲಿರಲಿಲ್ಲ. ಆದರೂ ಓರಿಜನ್ ಠೇವಣಿಯನ್ನು ಎಣಿಸಿ ಮುಂದಿಟ್ಟನು.

ಹಾಗೆಂದು ಗ್ರಂಥವು ನಿರ್ದೋಷವಲ್ಲ. ಸೆಲ್ಸಸ್‌ನನ್ನು ಓರಿಜನ್ ಎಪಿಕ್ಯೂರಸ್‌ನ ಅನುಯಾಯಿಯೆಂದು ಕರೆಯುತ್ತಾನೆ. ದೈವಕೃಪೆಯನ್ನು ಒಪ್ಪದ ಆ ಪಂಥದ ಹೆಸರು ಅಂದು ಒಂದು ಬೈಗುಳದಂತಿತ್ತು. ಸೆಲ್ಸಸ್‌ನ ಮಾತುಗಳಾದರೋ ಪ್ಲೇಟೋವಿನ ಮಾರ್ಗದವು. ಈ ವಿಷಯದಲ್ಲಿ ಓರಿಜನ್‌ನೇ ಒಂದೆಡೆ ಸಂದೇಹ ತೋರಿದ್ದಾನೆ. ಸಂದೇಹ ಮೂಡಿದ ಮೇಲೆ ಮೊದಲಿನ ಹಣೆಪಟ್ಟಿಯನ್ನು ಅಳಿಸಬೇಕಿತ್ತು. ಅಲ್ಲಲ್ಲಿ ಅವನು ಎದುರಾಳಿಯನ್ನು ವಿದೂಷಕನೆಂದು ಜರೆಯುವುದೂ ವಾದಕ್ಕೆ ಬಲ ತರದ ಕಷಾಯವೇ ಸರಿ.

ಓರಿಜನ್‌ನ ಕಾಲದಲ್ಲಿ ಕ್ರೈಸ್ತರು ನಿರ್ಬಲರಾಗಿದ್ದರು. ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ, 250ರ ಸುಮಾರಿಗೆ, ಓರಿಜನ್ ಸೆರೆ ಸೇರಿ ಚಿತ್ರಹಿಂಸೆ ಅನುಭವಿಸಿದನು. ಎರಡು ಶತಮಾನಗಳಲ್ಲಿ ಅಧಿಕಾರವು ಕ್ರೈಸ್ತರ ಕಡೆಗೆ ಬಂತು. ಆಗ ಮತ್ತೊಬ್ಬ ಆಕ್ಷೇಪಕನಾದ ಪೋರ್ಫಿರಿಯ ಗ್ರಂಥವನ್ನು ಸುಡಬೇಕೆಂದು 448ರಲ್ಲಿ ರಾಜಾಜ್ಞೆ ಹೊರಟಿತು. ಇಂದು ಅದರ ಚೂರುಗಳು ಮಾತ್ರ ದೊರೆಯುತ್ತವೆ. 543ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಓರಿಜನ್‌ನ ಬೋಧನೆಗಳನ್ನೇ ಖಂಡಿಸಿ ಆಜ್ಞೆ ಹೊರಡಿಸಿದನು. ಅವನ ಅನೇಕ ಕೃತಿಗಳ ಗ್ರೀಕ್ ಮೂಲವೂ ನಷ್ಟವಾಗಿದೆ. ಧರ್ಮವನ್ನು ಉತ್ತರದಿಂದ ರಕ್ಷಿಸುವುದಕ್ಕೂ ಬೆಂಕಿಯಿಂದ ರಕ್ಷಿಸುವುದಕ್ಕೂ ಇರುವ ಅಂತರವನ್ನು ಈ ಇತಿಹಾಸವೇ ಹೇಳುತ್ತದೆ.

ಪರರನ್ನು ತೂಗುವ ತಕ್ಕಡಿಯಲ್ಲಿ ನಾವೂ ಕೂರಬೇಕು. ಷಡ್ದರ್ಶನಸಮುಚ್ಚಯದಲ್ಲಿ ಪರದರ್ಶನಗಳನ್ನು ಸಮಚಿತ್ತದಿಂದ ನಿರೂಪಿಸಿದ ಹರಿಭದ್ರಸೂರಿಗಳು ನಮ್ಮವರು. ಸಮಯಪರೀಕ್ಷೆಯಲ್ಲಿ ಪರಮತಗಳನ್ನು ಅಪಹಾಸ್ಯಕ್ಕೆ ಗುರಿಮಾಡಿದ ಬ್ರಹ್ಮಶಿವನೂ ನಮ್ಮವನೇ. ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ಹಲವು ವರ್ಷಗಳ ಹಿಂದೆ ಪೂಜಾವಿಧಿಯ ಕುರಿತು ನಮ್ಮೊಳಗೇ ಎದ್ದ ವಿವಾದದಲ್ಲಿ ಎದುರು ಪಕ್ಷದ ಕರಪತ್ರಕ್ಕೆ ಉತ್ತರ ಬರೆದೆನು. ಅವರ ವಾಕ್ಯದ ಪೂರ್ವಾರ್ಧವನ್ನು ಉದ್ಧರಿಸಿ, ಅದನ್ನು ಮೃದುಗೊಳಿಸಿದ್ದ ಉತ್ತರಾರ್ಧವನ್ನು ಬಿಟ್ಟೆನು. ಸಭೆಯಲ್ಲಿ ಚಪ್ಪಾಳೆ ದೊರೆಯಿತು. ಜಮೆಯನ್ನು ಮುಚ್ಚಿಟ್ಟು ಖರ್ಚನ್ನಷ್ಟೇ ತೋರಿಸುವ ಗುಮಾಸ್ತನನ್ನು ನನ್ನ ಅಂಗಡಿಯಲ್ಲಿ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಅಂಥ ಲೆಕ್ಕವನ್ನು ಧರ್ಮದ ಹೆಸರಿನಲ್ಲಿ ನಾನೇ ಬರೆದಿದ್ದೆನು.

ನಮ್ಮ ಟ್ರಸ್ಟುಗಳು ವಿವಾದಗಳಿಗೆ ಉತ್ತರ ಪ್ರಕಟಿಸುವಾಗ ಎದುರು ಪಕ್ಷದ ಹೇಳಿಕೆಯನ್ನು ಮೊದಲು ಪೂರ್ಣವಾಗಿ ಮುದ್ರಿಸುವ ನಿಯಮ ಮಾಡಿಕೊಂಡರೆ ಲೇಸು. ಅದಕ್ಕೆ ತಗಲುವ ಒಂದೆರಡು ಪುಟಗಳ ವೆಚ್ಚವು ಸತ್ಯಾಣುವ್ರತಕ್ಕೆ ಸಲ್ಲುವ ಕಾಣಿಕೆಯಾದೀತು.