ಆಂಟನಿಯ ಅಪರಾಧ

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯ ಭಾಷಣವನ್ನು ಮೆಚ್ಚದವರಿಲ್ಲ. ಅದನ್ನು ಕೇಳಿ ಕೆರಳಿದ ಗುಂಪು ಸಿನ್ನನೆಂಬ ಕವಿಯನ್ನು, ಪಿತೂರಿಗಾರನೊಬ್ಬನಿಗೂ ಅದೇ ಹೆಸರಿದ್ದ ಕಾರಣಕ್ಕೆ, ಕೊಂದದ್ದನ್ನು ಮಾತ್ರ ಮರೆಯುತ್ತೇವೆ. ‘ಕೊಲ್ಲಿರಿ’ ಎಂದು ಆಂಟನಿ ಎಲ್ಲಿಯೂ ಹೇಳಿಲ್ಲ. ದಂಗೆಯೆಬ್ಬಿಸುವುದು ತನ್ನ ಇಚ್ಛೆಯಲ್ಲವೆಂದೇ ಹೇಳುತ್ತಾನೆ. ವಾಚ್ಯಾರ್ಥವನ್ನಷ್ಟೇ ನೋಡಿದರೆ ಅವನು ನಿರಪರಾಧಿ. ನಮ್ಮ ಆಲಂಕಾರಿಕರಾದರೋ ಆಡಿದವನಾರು, ಕೇಳಿದವರಾರು, ದೇಶಕಾಲಗಳೇನು ಎಂದು ವಿಚಾರಿಸಿಯೇ ವ್ಯಂಗ್ಯವನ್ನು ನಿರ್ಣಯಿಸುವವರು. 1859ರಲ್ಲಿ ಮಿಲ್ ಪಂಡಿತನು ಸ್ವಾತಂತ್ರ್ಯವನ್ನು ಕುರಿತು ಬರೆದಾಗ ಹಿಡಿದದ್ದೂ ಇದೇ ಜಾಡು: ಧಾನ್ಯದ ವರ್ತಕರನ್ನು ಪತ್ರಿಕೆಯಲ್ಲಿ ಹಳಿದರೆ ತಡೆಯಬಾರದು, ಅದೇ ಮಾತನ್ನು ವರ್ತಕನ ಮನೆಯ ಮುಂದೆ ಉದ್ರಿಕ್ತ ಗುಂಪಿಗೆ ಹೇಳಿದರೆ ದಂಡಿಸಬಹುದು.

ಈ ವಿವೇಕವನ್ನು ನಾನು ಒಪ್ಪುತ್ತೇನೆ; ಭಯವೂ ಇದೆ. ವ್ಯಂಗ್ಯವನ್ನೇ ಬೇಟೆಯಾಡುವ ಅಧಿಕಾರಿಗೆ ಯಾವ ಕವನದಲ್ಲಿಯೂ ಕೊಲೆ ಕಂಡೀತು. ಎದುರಿಗೆ ಕೆರಳಿದ ಗುಂಪೂ ಕೈಗೆಟುಕುವ ಬಲಿಯೂ ಇಲ್ಲದಿದ್ದರೆ ಕಟುನುಡಿಯನ್ನು ಅದರ ಪಾಡಿಗೆ ಬಿಡಬೇಕು. ಆಂಟನಿಯನ್ನು ಹಿಡಿಯಹೊರಟ ಕಾನೂನು ಸಿನ್ನನನ್ನು ಕೊಲ್ಲಬಾರದು.