ಕ್ರಿಯಾಪದದಲ್ಲಿ ಕೂತ ಜಾತಿ

ದಲಿತ ವಿಮರ್ಶೆ ಕತೆ ಕಾವ್ಯಗಳನ್ನಷ್ಟೇ ಓದಬೇಕೆಂದೇನೂ ಇಲ್ಲ. ಆಸ್ಪತ್ರೆಯ ಓಪಿಡಿ ಚೀಟಿ, ಪಿಂಚಣಿ ಅರ್ಜಿ, ನರ್ಸಮ್ಮ ಹೆಸರು ಕೂಗುವ ದನಿ, ಇವೂ ಪಠ್ಯಗಳೇ. ನಮ್ಮ ಜನಕ್ಕೆ ಪುಸ್ತಕಕ್ಕಿಂತ ಹೆಚ್ಚು ಸಲ ಎದುರಾಗುವ ಕನ್ನಡ ಇದು.

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿ ಕಡೆ ಏಕವಚನ ಬೈಗುಳವಲ್ಲ. ಅವ್ವನನ್ನು ‘ನೀನು’ ಅಂತೀವಿ, ದೇವರನ್ನೂ ‘ನೀನು’ ಅಂತೀವಿ. ‘ಬಾ ಕಣವ್ವ, ಕೂತ್ಕೊ’ ಅನ್ನೋದರಲ್ಲಿರುವ ಅಕ್ಕರೆ ‘ಬನ್ನಿ, ಕುಳಿತುಕೊಳ್ಳಿ’ಯಲ್ಲಿ ಸಿಗದು. ಹಾಗಾಗಿ ಬಹುವಚನ ಕಲಿಸಿಬಿಟ್ಟರೆ ಆಯ್ತು ಅನ್ನುವ ತರಬೇತಿ ಶಿಬಿರದ ಧಾಟಿಯನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಇರುವುದು ಬೇರೆ ಕಡೆ: ಆ ‘ನೀನು’ ಎಂಬುದನ್ನು ವಾಪಸು ಕೊಡಬಹುದೇ? ಮೂವತ್ತರ ಡಾಕ್ಟರು ಎಪ್ಪತ್ತರ ಮುದುಕನಿಗೆ ‘ಏನೋ, ಎಷ್ಟು ದಿನದಿಂದ ಕೆಮ್ಮು?’ ಅನ್ನಬಹುದು. ಮುದುಕ ‘ನೀನೇ ನೋಡಪ್ಪ’ ಅಂದರೆ? ಒಂದು ಆಸ್ಪತ್ರೆಯಲ್ಲಿ ನಮ್ಮ ತಾತ ಹಾಗಂದು ‘ಮರ್ಯಾದೆ ಕಲಿ’ ಅನ್ನಿಸಿಕೊಂಡು ಬಂದ. ಅದೇ ಸಾಲಿನಲ್ಲಿ ಮುಂದಿದ್ದ ಗೌಡರಿಗೆ ‘ಕೂತ್ಕೊಳ್ಳಿ’ ಆಗಿತ್ತು. ಕೆಮ್ಮು ಒಂದೇ, ಚೀಟಿ ಒಂದೇ, ಕ್ರಿಯಾಪದ ಬೇರೆ. ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಪ್ರತ್ಯಯದಲ್ಲಿ ಅಡಗಿ ಕೂತ ಜಾತಿಯನ್ನು ಯಾವ ಠಾಣೆಯವರು ಬರೆದುಕೊಳ್ಳುತ್ತಾರೆ?

ಆಳುವವರಿಗೆ ನಾಮಪದ ಬದಲಾಯಿಸುವುದು ಸಲೀಸು. ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂತು. ಇಲಾಖೆಯ ಹೆಸರೇ ಹಾಗಾಯಿತು. ಕೊಂಚ ನಿಂತು ಓದಿ: ಮೊದಲು ಊನವಾಗಿದ್ದದ್ದು ಅಂಗ ಮಾತ್ರ, ಈಗ ಚೇತನವೇ! ಸಂಸ್ಕೃತದ ಶಾಲು ಹೊದಿಸಿದ ಕೂಡಲೇ ಗೌರವ ಬಂತೆಂದು ನಂಬುವವರು ಕಟ್ಟಿದ ಪದವಿದು. ಇನ್ನು ಪಿಂಚಣಿ ಪಡೆಯುವವಳು ‘ಫಲಾನುಭವಿ’. ಅವಳ ಹಕ್ಕು ಯಾರದೋ ತೋಟದ ಹಣ್ಣಾಯಿತು.

ಕ್ಷಯದ ನುಡಿಗಟ್ಟು ನೋಡಿ. ಕೆಮ್ಮಿಕೊಂಡು ಬಂದವನು ‘ಸಸ್ಪೆಕ್ಟ್’, ಆರು ತಿಂಗಳ ಗುಳಿಗೆಯನ್ನು ನಡುವೆ ಬಿಟ್ಟವನು ‘ಡಿಫಾಲ್ಟರ್’. ಒಂದು ಪೊಲೀಸರ ಮಾತು, ಇನ್ನೊಂದು ಸಾಲ ಕೊಟ್ಟ ಬ್ಯಾಂಕಿನದು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಎರಡನ್ನೂ ಕೈಬಿಟ್ಟಿತು. ‘ಡಿಫಾಲ್ಟರ್’ ಆಗಿದ್ದವನು ‘ಸಂಪರ್ಕ ತಪ್ಪಿದವನು’ ಆದ. ಒಳ್ಳೆಯದೇ. ಆದರೆ ಸಂಪರ್ಕ ತಪ್ಪಿಸಿದ್ದು ಯಾರು? ಮೊದಲ ದಿನವೇ ‘ಏನೋ’ ಅನ್ನಿಸಿಕೊಂಡವನು ಎರಡನೇ ಸಲ ಬರಲು ಹಿಂಜರಿದರೆ ಗುಳಿಗೆ ತಪ್ಪುತ್ತದೆ, ಗುಳಿಗೆ ತಪ್ಪಿದರೆ ಮದ್ದಿಗೆ ಬಗ್ಗದ ಕ್ಷಯ ಮನೆಮಂದಿಗೂ ಹತ್ತಬಹುದು.

ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೇರಿಯ ನುಡಿಗೆ ಸಿಂಹಾಸನ ಸಿಕ್ಕಿತೆಂದು ಹಿಗ್ಗಿದೆವು. ಅಂಥದೇ ನುಡಿಯಲ್ಲಿ ನಮ್ಮವಳೊಬ್ಬಳು ‘ಎದೆ ಕಟ್ಕಂಡದೆ, ಕೈಕಾಲು ಸೇದ್ತವೆ’ ಅಂದರೆ ಕೌಂಟರಿನಾಚೆ ನಗು. ನಕ್ಕವರು ಮುಂದಿನದನ್ನು ಕೇಳುವುದಿಲ್ಲ: ಎಂದಿನಿಂದ, ಯಾವ ಕಡೆ, ನಡೆದರೆ ಉಸಿರು ಕಟ್ಟುತ್ತಾ?