ಎಂಜಲಿನಲ್ಲಿ ವಂಶವೃಕ್ಷ

ರಜೆಗೆ ಅಮೆರಿಕದಿಂದ ಬರುವ ನೆಂಟರು ಮುಸಫ್ಫಾದ ಮನೆಗಳಿಗೆ ಚಾಕೊಲೇಟಿನ ಜೊತೆ ವಂಶ ಹೇಳುವ ಡಿಎನ್‌ಎ ಕಿಟ್ಟನ್ನೂ ಉಡುಗೊರೆ ತರುವುದುಂಟು. ನಳಿಗೆಯಲ್ಲಿ ಉಗುಳಿ ಕಳಿಸಿದರೆ ಕೆಲವು ವಾರಗಳಲ್ಲಿ ಉತ್ತರ. ನಮ್ಮವರಿಗೆ ಅದು ಬಹುತೇಕ 'ದಕ್ಷಿಣ ಭಾರತ' ಎಂದೇ. ಪಾಸ್‌ಪೋರ್ಟೇ ಅಷ್ಟನ್ನು ಹೇಳುತ್ತದಲ್ಲ! ತಮ್ಮಲ್ಲಿರುವ ಮಾದರಿಗಳಿಗೆ ಹೋಲಿಸಿ ಕಂಪನಿ ಶೇಕಡಾ ಲೆಕ್ಕ ಕೊಡುತ್ತದೆ. ಮಾದರಿ ಬದಲಾದರೆ ಲೆಕ್ಕವೂ ಬದಲು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಹತ್ತಿರದ ಇಬ್ಬರು ಉಗುಳಿದರೆ ಅವರ ರಕ್ತಸಂಬಂಧವನ್ನು ಕಿಟ್ ಚೆನ್ನಾಗಿಯೇ ಹೇಳುತ್ತದೆ. ಭೈರಪ್ಪನವರು 1965ರಲ್ಲಿ ಬರೆದ 'ವಂಶವೃಕ್ಷ'ದ ಶ್ರೋತ್ರಿಗಳನ್ನು ನೆನೆಯಿರಿ. ಮೊಮ್ಮಗ ವಂಶಕ್ಕೇ ಸೇರಿದವನೆಂದು ನಂಬಿದ್ದವರಿಗೆ, ತಾವೇ ಆ ವಂಶದ ರಕ್ತವಲ್ಲವೆಂದು ಮುಪ್ಪಿನಲ್ಲಿ ತಿಳಿಯುತ್ತದೆ. ಅದನ್ನು ತಾಳಿಕೊಳ್ಳುವ ಪಕ್ವತೆ ಕೊಡಲು ಭೈರಪ್ಪನವರಿಗೆ ಇಡೀ ಕಾದಂಬರಿ ಬೇಕಾಯಿತು. ಕಿಟ್ ಆ ಸುದ್ದಿಯನ್ನು ಊಟದ ಹೊತ್ತಿಗೆ ಮಗಳ ಫೋನಿಗೆ ಕಳಿಸುತ್ತದೆ. ದತ್ತು ಮಕ್ಕಳು, ದಾನಿಯ ನೆರವಿನಿಂದ ಹುಟ್ಟಿದ ಮಕ್ಕಳು ಎಲ್ಲ ಸಮಾಜದಲ್ಲೂ ಇದ್ದಾರೆ. ಅವರಿಗೆ ಇದು ಹೆತ್ತವರ, ಸಾಕಿದವರ ಬಾಯಿಂದಲೇ ತಿಳಿಯಬೇಕು.

ಗುಟ್ಟಿನ ಮಾತೂ ಇದೆ. 2023ರಲ್ಲಿ ಟ್ವೆಂಟಿತ್ರೀ ಆಂಡ್ ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ವಿವರ ಕಳುವಾಯಿತು. 2025ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಿಸಬಹುದು, ವಂಶವಾಹಿ ಬದಲಿಸಲಾದೀತೆ? ನೀವು ಉಗುಳಿದರೆ ಊರಿನಲ್ಲಿರುವ ಒಡಹುಟ್ಟಿದವರ ಅರ್ಧ ಗುಟ್ಟೂ ಹೋದಂತೆ, ಅವರನ್ನು ಕೇಳಿದವರಾರು?

ಊರಿಗೆ ಹೋದಾಗ ಅಜ್ಜಿಯ ಪಕ್ಕ ಕುಳಿತು, ಯಾರಿಗೆ ಸಕ್ಕರೆ ಕಾಯಿಲೆ ಇತ್ತು, ಯಾರು ಎಷ್ಟನೇ ವಯಸ್ಸಿಗೆ ಎದೆನೋವಿನಿಂದ ತೀರಿಕೊಂಡರು ಎಂದು ಬರೆದುಕೊಂಡು ಬನ್ನಿ. ನಾವು ವೈದ್ಯರು ಮೊದಲು ಕೇಳುವುದು ಅದನ್ನೇ.